ಅಧ್ಯಕ್ಷರ ಬಾಗಿಲಿಗೆ ಹೋದವರು



ಅಮೆರಿಕದ ಗುಲಾಮಗಿರಿ ಕೊನೆಗೊಂಡ ಪಾಠ ಮಾಡುವಾಗ ನಾವು ಶಿಕ್ಷಕರು ಅಬ್ರಹಾಂ ಲಿಂಕನ್ ಹೆಸರು ಹೇಳಿ ಮುಂದಕ್ಕೆ ಹೋಗಿಬಿಡುತ್ತೇವೆ. ಆ ಲಿಂಕನ್ ಎದುರು ಕುಳಿತು ನ್ಯಾಯ ಕೇಳಿದ ಫ್ರೆಡೆರಿಕ್ ಡಗ್ಲಾಸ್ ಅವರನ್ನು ಇಂದು ನೆನೆಯೋಣ.

ಡಗ್ಲಾಸ್ 1818ರ ಸುಮಾರಿಗೆ ಮೇರಿಲ್ಯಾಂಡಿನಲ್ಲಿ ಗುಲಾಮ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದರು. ಹುಟ್ಟಿದ ದಿನ ಯಾವುದೆಂದು ಅವರಿಗೇ ಗೊತ್ತಿರಲಿಲ್ಲ. ಬಾಲ್ಟಿಮೋರಿನಲ್ಲಿ ಮನೆಯೊಡತಿ ಅಕ್ಷರ ಕಲಿಸತೊಡಗಿದಾಗ ಆಕೆಯ ಗಂಡ ತಡೆದ. ಓದು ಬಂದರೆ ಹುಡುಗ ಗುಲಾಮನಾಗಿ ಉಳಿಯಲಾರ ಎಂಬ ಭಯ ಅವನಿಗೆ. ಆ ಭಯವೇ ಹುಡುಗನಿಗೆ ಬಿಡುಗಡೆಯ ದಾರಿ ಯಾವುದೆಂದು ತಿಳಿಸಿತು. ಬೀದಿಯ ಬಿಳಿಯ ಹುಡುಗರಿಗೆ ರೊಟ್ಟಿ ಕೊಟ್ಟು ಓದು ಕಲಿತರು. 1838ರಲ್ಲಿ ನಾವಿಕನ ವೇಷದಲ್ಲಿ ರೈಲು ಹತ್ತಿ ತಪ್ಪಿಸಿಕೊಂಡರು. ಆತ್ಮಕಥೆ ಬರೆದರು, ಪತ್ರಿಕೆ ನಡೆಸಿದರು, ಊರೂರು ತಿರುಗಿ ಮಾತಾಡಿದರು.

1861ರಲ್ಲಿ ಅಂತರ್ಯುದ್ಧ ಶುರುವಾಯಿತು. ಗುಲಾಮಗಿರಿಗೆ ಕೈಹಾಕಲು ಲಿಂಕನ್ ತಡಮಾಡಿದಾಗ ಡಗ್ಲಾಸ್ ತಮ್ಮ ಪತ್ರಿಕೆಯಲ್ಲಿ ಕಟುವಾಗಿ ಟೀಕಿಸಿದರು. 1863ರ ಜನವರಿ 1ರಂದು ವಿಮೋಚನಾ ಘೋಷಣೆ ಬಂದ ಮೇಲೆ ಕಪ್ಪು ಯುವಕರನ್ನು ಸೈನ್ಯಕ್ಕೆ ಸೇರಿಸಲು ತಾವೇ ಹೊರಟರು. ತಮ್ಮ ಇಬ್ಬರು ಮಕ್ಕಳನ್ನೂ ಕಳಿಸಿದರು. ಆದರೆ ಸೈನ್ಯದಲ್ಲೂ ತಾರತಮ್ಯ. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್. ಕಪ್ಪು ಸೈನಿಕನಿಗೆ 10, ಅದರಲ್ಲೂ ಬಟ್ಟೆಗೆಂದು 3 ಡಾಲರ್ ಕಡಿತ.

ಅದೇ ಆಗಸ್ಟಿನಲ್ಲಿ ಡಗ್ಲಾಸ್ ನೇರವಾಗಿ ಶ್ವೇತಭವನಕ್ಕೆ ಹೋದರು. ಸಮಾನ ಸಂಬಳ, ಸೆರೆಸಿಕ್ಕ ಕಪ್ಪು ಸೈನಿಕರಿಗೆ ರಕ್ಷಣೆ, ಅರ್ಹರಿಗೆ ಬಡ್ತಿ ಕೇಳಿದರು. ಲಿಂಕನ್ ಗೌರವದಿಂದ ಆಲಿಸಿದರು, ಆದರೆ ಎಲ್ಲಕ್ಕೂ ಒಪ್ಪಲಿಲ್ಲ. ಡಗ್ಲಾಸ್ ಮುನಿಸಿಕೊಂಡು ಸುಮ್ಮನಾಗಲಿಲ್ಲ, ಕೇಳುವುದನ್ನೂ ಬಿಡಲಿಲ್ಲ. ಸಂಬಳವನ್ನೇ ಮುಟ್ಟದೆ ಪ್ರತಿಭಟಿಸಿದ ಕಪ್ಪು ಸೈನಿಕರೂ ಇದ್ದರು. 1864ರ ಜೂನ್‌ನಲ್ಲಿ ಅಲ್ಲಿನ ಸಂಸತ್ತು ಸಮಾನ ಸಂಬಳಕ್ಕೆ ಒಪ್ಪಿತು. ಅದೇ ವರ್ಷ ಲಿಂಕನ್ ತಾವೇ ಹೇಳಿಕಳಿಸಿ ಡಗ್ಲಾಸ್ ಅವರ ಸಲಹೆ ಕೇಳಿದರು.

1865ರ ಮಾರ್ಚ್‌ನಲ್ಲಿ ಲಿಂಕನ್ ಎರಡನೇ ಸಲ ಪ್ರಮಾಣವಚನ ಸ್ವೀಕರಿಸಿದ ರಾತ್ರಿ ಶ್ವೇತಭವನದ ಕಾವಲಿನವರು ಡಗ್ಲಾಸ್ ಅವರನ್ನು ಬಾಗಿಲಲ್ಲೇ ತಡೆದರು. ಅವರು ಹಿಂತಿರುಗಲಿಲ್ಲ, ಒಳಗೆ ಸುದ್ದಿ ಮುಟ್ಟಿಸಿದರು. ಲಿಂಕನ್ ಎಲ್ಲರೆದುರೇ ಗೆಳೆಯನೆಂದು ಕರೆದು ಬರಮಾಡಿಕೊಂಡರು. ಮರುತಿಂಗಳೇ ಲಿಂಕನ್ ಕೊಲೆಯಾಯಿತು. 1876ರಲ್ಲಿ ಅವರ ಸ್ಮಾರಕ ಅನಾವರಣವಾದಾಗ ಡಗ್ಲಾಸ್ ಕೃತಜ್ಞತೆಯನ್ನೂ ಹೇಳಿದರು, ಲಿಂಕನ್ ಅವರ ಮಿತಿಗಳನ್ನೂ ಮುಚ್ಚಿಡದೆ ಹೇಳಿದರು. 1895ರಲ್ಲಿ ತೀರಿಕೊಳ್ಳುವವರೆಗೂ ಸಮಾನತೆಗಾಗಿ ದನಿಯೆತ್ತುತ್ತಲೇ ಇದ್ದರು.

ಬಂಧುಗಳೇ, ಒಳ್ಳೆಯ ನಾಯಕ ಸಿಕ್ಕರೆ ಸಾಕು, ಉಳಿದದ್ದು ತಾನಾಗಿಯೇ ಆಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ನಾಯಕನನ್ನು ಪೂಜಿಸುವುದೂ ಸುಲಭ, ಬೈಯುವುದೂ ಸುಲಭ. ಡಗ್ಲಾಸ್ ಎರಡನ್ನೂ ಮಾಡದೆ, ಬೇಡಿಕೆ ಹಿಡಿದು ಎದುರಿಗೆ ಹೋಗಿ ಕುಳಿತರು. ಓಟು ಹಾಕಿದ ಮೇಲೆ ನಾವು ಗೆಲ್ಲಿಸಿದವರ ಬಳಿಗೆ ಪ್ರಶ್ನೆ ಹಿಡಿದು ಎಷ್ಟು ಸಲ ಹೋಗಿದ್ದೇವೆ? ಇಂದು ಇದನ್ನು ಯೋಚಿಸೋಣ.