ಕಡಲಾಳದ ಕೆಸರು ನುಡಿದ ಸಾಕ್ಷ್ಯ

ಭೂಮಿಯ ಹವಾಮಾನ ಹಿಂದೆಯೂ ಬದಲಾಗಿದೆ, ಈಗಲೂ ಬದಲಾಗುತ್ತಿದೆ, ಇದರಲ್ಲಿ ಮನುಷ್ಯನ ತಪ್ಪೇನು ಎಂದು ವಿದ್ಯಾವಂತರೂ ಕೇಳುವುದುಂಟು. ಈ ಪ್ರಶ್ನೆಗೆ ಉತ್ತರವನ್ನು ನಾನು ಕಂಡುಕೊಂಡದ್ದು ಸರ್ಬಿಯಾದ ಗಣಿತಜ್ಞ ಮಿಲುಟಿನ್ ಮಿಲಾಂಕೊವಿಚ್ ಅವರ ಬದುಕಿನಲ್ಲಿ.

1879ರಲ್ಲಿ ಜನಿಸಿದ ಅವರು ವಿಯೆನ್ನಾದಲ್ಲಿ ಓದಿ, ಕಾಂಕ್ರೀಟ್ ನಿರ್ಮಾಣದ ಎಂಜಿನಿಯರ್ ಆಗಿ ಹೆಸರು ಗಳಿಸಿದರು. 1909ರಲ್ಲಿ ಆ ವೃತ್ತಿಯನ್ನು ತೊರೆದು ಬೆಲ್‌ಗ್ರೇಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1914ರ ಯುದ್ಧ ಆರಂಭವಾದಾಗ ಆಸ್ಟ್ರಿಯಾ-ಹಂಗೇರಿ ಅವರನ್ನು ಸೆರೆಯಲ್ಲಿಟ್ಟಿತು. ಬಳಿಕ ಬುಡಾಪೆಸ್ಟ್‌ನಲ್ಲಿ ನಿರ್ಬಂಧದಲ್ಲಿದ್ದಾಗ, ಅಲ್ಲಿಯ ವಿಜ್ಞಾನ ಅಕಾಡೆಮಿಯ ಗ್ರಂಥಾಲಯದಲ್ಲಿ ಕುಳಿತು ಲೆಕ್ಕ ಮುಂದುವರಿಸಿದರು.

ಭೂಕಕ್ಷೆಯ ಆಕಾರ ಸುಮಾರು 1 ಲಕ್ಷ ವರ್ಷಗಳಿಗೊಮ್ಮೆ, ಅಕ್ಷದ ಓರೆ ಸುಮಾರು 41 ಸಾವಿರ ವರ್ಷಗಳಿಗೊಮ್ಮೆ ಏರಿಳಿಯುತ್ತದೆ. ಅಕ್ಷದ ತೂಗಾಟದಿಂದ ಋತುಗಳ ಬಿಸಿಲು ಸುಮಾರು 19ರಿಂದ 23 ಸಾವಿರ ವರ್ಷಗಳಿಗೊಮ್ಮೆ ವ್ಯತ್ಯಾಸಗೊಳ್ಳುತ್ತದೆ. ಉತ್ತರದಲ್ಲಿ ಬೇಸಿಗೆ ತಂಪಾದರೆ ಚಳಿಗಾಲದ ಹಿಮ ಕರಗದೆ ಉಳಿಯುತ್ತದೆ, ಹಿಮಯುಗ ಮೊದಲಾಗುತ್ತದೆ. ಈ ಸಿದ್ಧಾಂತದ ಬೃಹತ್ ಗ್ರಂಥ 1941ರಲ್ಲಿ ಅಚ್ಚಾಗುತ್ತಿದ್ದಾಗಲೇ ಬೆಲ್‌ಗ್ರೇಡ್ ಬಾಂಬ್ ದಾಳಿಗೆ ತುತ್ತಾಯಿತು; ಮುದ್ರಣಾಲಯ ನಾಶವಾದರೂ ಅಚ್ಚಾದ ಹಾಳೆಗಳಲ್ಲಿ ಬಹುಪಾಲು ಉಳಿದುಕೊಂಡವು. 1958ರಲ್ಲಿ ಅವರು ತೀರಿಕೊಂಡಾಗ ಭೂವಿಜ್ಞಾನಿಗಳಲ್ಲಿ ಅನೇಕರು ಸಿದ್ಧಾಂತವನ್ನು ನಂಬಿರಲಿಲ್ಲ.

ಸಾಕ್ಷ್ಯ ದೊರೆತದ್ದು ದಕ್ಷಿಣ ಹಿಂದೂ ಮಹಾಸಾಗರದ ತಳದಲ್ಲಿ. ನೀರು ಹಿಮವಾಗಿ ಭೂಖಂಡಗಳ ಮೇಲೆ ಸೇರಿಕೊಂಡಾಗ ಕಡಲಿನಲ್ಲಿ ಭಾರದ ಆಮ್ಲಜನಕದ ಪ್ರಮಾಣ ಹೆಚ್ಚುತ್ತದೆ. ಸೂಕ್ಷ್ಮಜೀವಿಗಳ ಚಿಪ್ಪುಗಳು ಅದನ್ನು ತಮ್ಮೊಳಗೆ ಹಿಡಿದಿಟ್ಟುಕೊಂಡು ಪದರಪದರವಾಗಿ ತಳದ ಕೆಸರಿನಲ್ಲಿ ನೆಲೆಗೊಳ್ಳುತ್ತವೆ. ಹೇಸ್, ಇಂಬ್ರಿ ಮತ್ತು ಶಾಕಲ್ಟನ್ ಈ ಕೆಸರಿನಲ್ಲಿ ಸುಮಾರು ನಾಲ್ಕೂವರೆ ಲಕ್ಷ ವರ್ಷಗಳ ಹಿಮದ ಏರಿಳಿತವನ್ನು ಓದಿ, 1976ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಿಲಾಂಕೊವಿಚ್ ಹೇಳಿದ ಆವರ್ತಗಳು ಅಲ್ಲಿದ್ದವು.

ಹವಾಮಾನ ತಾನಾಗಿಯೇ ಬದಲಾಗುತ್ತದೆ ಎನ್ನುವವರು ಈಗ ಆಶ್ರಯಿಸುವುದು ಇದೇ ಸಿದ್ಧಾಂತವನ್ನು. ಆದರೆ ಅದರ ಲೆಕ್ಕ ಅವರ ವಿರುದ್ಧವೇ ನಿಲ್ಲುತ್ತದೆ. ಉತ್ತರ ಧ್ರುವದತ್ತಣ ಪ್ರದೇಶಗಳ ಬೇಸಿಗೆಯ ಬಿಸಿಲು ಕಳೆದ ಸುಮಾರು 10 ಸಾವಿರ ವರ್ಷಗಳಿಂದ ಇಳಿಯುತ್ತಲೇ ಬಂದಿದೆ. ಆದರೂ ಆರ್ಕ್ಟಿಕ್ ಕಡಲಿನ ಹಿಮ ಕರಗುತ್ತಿದೆ. ಕೈಗಾರಿಕಾ ಯುಗಕ್ಕೆ ಮೊದಲು ವಾಯುವಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಇಂದು 420ನ್ನು ದಾಟಿದೆ.

ಆಡಳಿತದಲ್ಲಿ ದಶಕಗಳನ್ನು ಕಳೆದ ನಾನು ಬಲ್ಲೆ: ಕಡತದಲ್ಲಿ ಪ್ರಕೃತಿ ವಿಕೋಪವೆಂದು ಬರೆದೊಡನೆ ಹೊಣೆಗಾರಿಕೆಯ ಪ್ರಶ್ನೆ ಮುಗಿದುಹೋಗುತ್ತದೆ. ಭೂಮಿಯ ಕಡತವನ್ನು ಹಾಗೆ ಮುಚ್ಚಲು ಮಿಲಾಂಕೊವಿಚ್ ಅವರ ಗಣಿತ ಅವಕಾಶ ಕೊಡುವುದಿಲ್ಲ.