ಗೂಬೆಯ ಮೇಲೂ ಗೂಬೆ ಕೂರಿಸದವರು

ಹಕ್ಕಿಗಳ ಛಾಯಾಗ್ರಹಣದ ಚರಿತ್ರೆಯಲ್ಲಿ ಎರಿಕ್ ಹೋಸ್ಕಿಂಗ್ ಅವರ ಹೆಸರು ಬಂದಾಗಲೆಲ್ಲ ಅವರು ಕಳೆದುಕೊಂಡ ಎಡಗಣ್ಣಿನ ಕಥೆಯೂ ಬರುತ್ತದೆ. ಚಿತ್ರಕ್ಕಾಗಿ ಕಣ್ಣನ್ನೇ ತೆತ್ತ ಸಾಹಸಿ ಎಂದು ಅವರನ್ನು ಕೊಂಡಾಡುವವರಿದ್ದಾರೆ. ನನಗೆ ಆ ಪ್ರಸಂಗ ಕಾಣುವುದು ಬೇರೆ ರೀತಿಯಲ್ಲಿ. ಮನುಷ್ಯನ ನೋಟಕ್ಕೂ ಒಂದು ಎಲ್ಲೆ ಇರಬೇಕೆಂಬ ಪಾಠ ಅದರಲ್ಲಿದೆ.

ಹೋಸ್ಕಿಂಗ್ ಹುಟ್ಟಿದ್ದು 1909ರಲ್ಲಿ, ಲಂಡನ್ನಿನಲ್ಲಿ. ಹಕ್ಕಿಗಳ ಚಿತ್ರ ತೆಗೆದು ಬದುಕಬಹುದೆಂದು ಯಾರೂ ನಂಬದಿದ್ದ ಕಾಲದಲ್ಲಿ ಅವರು ಅದನ್ನೇ ವೃತ್ತಿಯಾಗಿಸಿಕೊಂಡರು. ಅಂದಿನ ಕ್ಯಾಮೆರಾಗಳು ಭಾರವಾದವು. ಒಂದೊಂದು ಚಿತ್ರಕ್ಕೂ ಒಂದೊಂದು ಗಾಜಿನ ಫಲಕ ಬೇಕು. ಕ್ಷಣಾರ್ಧದಲ್ಲಿ ಹಾರಿಹೋಗುವ ಹಕ್ಕಿಯನ್ನು ಬೆನ್ನಟ್ಟುವುದು ಅಸಾಧ್ಯವಾಗಿತ್ತು. ಹಕ್ಕಿ ಖಂಡಿತವಾಗಿ ಮರಳಿ ಬರುವ ಜಾಗವೆಂದರೆ ಗೂಡು. ಆದ್ದರಿಂದ ಗೂಡಿನ ಬಳಿ ಮರೆಗುಡಾರ ಕಟ್ಟಿ, ಒಳಗೆ ಅಲುಗದೆ ಕಾಯುವುದೇ ಆ ಕಾಲದ ಕ್ರಮ.

1937ರ ಮೇ ತಿಂಗಳಲ್ಲಿ ವೇಲ್ಸ್‌ನ ಕಾಡಿನಲ್ಲಿ ಅವರು ಕಂದು ಗೂಬೆಯೊಂದರ ಗೂಡಿನ ಎದುರು ಹೀಗೆಯೇ ಎತ್ತರದಲ್ಲಿ ಮರೆಗುಡಾರ ನಿಲ್ಲಿಸಿದ್ದರು. ರಾತ್ರಿ ಅದರತ್ತ ಹೋಗುವಾಗ ತಾಯಿಗೂಬೆ ಸದ್ದಿಲ್ಲದೆ ಎರಗಿತು. ಗೂಬೆಯ ರೆಕ್ಕೆಗರಿಗಳ ಅಂಚು ಗಾಳಿಯ ಸದ್ದನ್ನು ಅಡಗಿಸುವುದರಿಂದ ಅದು ಬರುವ ಸುಳಿವೇ ಸಿಗದು. ಉಗುರು ಎಡಗಣ್ಣಿಗೆ ಇಳಿಯಿತು. ಗಾಯಕ್ಕೆ ಸೋಂಕು ತಗಲಿತು. ಪೆನಿಸಿಲಿನ್ ಇನ್ನೂ ಚಿಕಿತ್ಸೆಗೆ ಒದಗದಿದ್ದ ದಿನಗಳವು. ಗಾಯಗೊಂಡ ಕಣ್ಣನ್ನು ಉಳಿಸಲು ಹೋದರೆ ಎರಡನ್ನೂ ಕಳೆದುಕೊಳ್ಳುವ ಅಪಾಯವಿತ್ತು. ಇಪ್ಪತ್ತೇಳರ ಹರೆಯದಲ್ಲಿ ಅವರು ಒಂದು ಕಣ್ಣನ್ನು ತೆಗೆಸಿಕೊಂಡರು.

ಮುಂದೆ ಅವರು ಗೂಬೆಗಳಿಂದ ದೂರ ಸರಿಯಲಿಲ್ಲ; ಗೂಬೆಯ ಮೇಲೆ ಗೂಬೆ ಕೂರಿಸಲೂ ಇಲ್ಲ. 1945ರಲ್ಲಿ ನಿಶಾಚರ ಹಕ್ಕಿಗಳ ಬಗೆಗೂ 1982ರಲ್ಲಿ ಗೂಬೆಗಳ ಬಗೆಗೇ ಪ್ರತ್ಯೇಕವಾಗಿಯೂ ಪುಸ್ತಕ ತಂದರು. ಎರಡನೆಯ ಮಹಾಯುದ್ಧದ ನಂತರ, ಸೆಕೆಂಡಿನ ಸಾವಿರಾರು ಪಾಲುಗಳಲ್ಲಿ ಒಂದರಷ್ಟೇ ಕಾಲ ಬೆಳಗುವ ಎಲೆಕ್ಟ್ರಾನಿಕ್ ಫ್ಲ್ಯಾಶ್ ಅನ್ನು ಬ್ರಿಟನ್ನಿನಲ್ಲಿ ಹಕ್ಕಿಗಳಿಗೆ ಬಳಸಿದ ಮೊದಲಿಗರಲ್ಲಿ ಅವರೊಬ್ಬರು. ಅಲ್ಲಿಯವರೆಗೆ ಮಸುಕು ಗೆರೆಯಾಗಿದ್ದ ರೆಕ್ಕೆಬಡಿತದಲ್ಲಿ ಗರಿಗರಿಯೂ ಸ್ಪಷ್ಟವಾಯಿತು. ಕೊಕ್ಕಿನಲ್ಲಿ ಇಲಿ ಹಿಡಿದು ರೆಕ್ಕೆ ಎತ್ತಿದ ಕಣಜ ಗೂಬೆಯ 1948ರ ಚಿತ್ರ ಆ ತಂತ್ರದ ಫಲ.

ಅವರ ಕ್ಯಾಮೆರಾ ಬರಿಯ ಚೆಲುವಿಗಷ್ಟೇ ದುಡಿಯಲಿಲ್ಲ. 1950ರ ದಶಕದಲ್ಲಿ ಗೈ ಮೌಂಟ್‌ಫರ್ಟ್ ನೇತೃತ್ವದ ತಂಡದೊಂದಿಗೆ ಸ್ಪೇನಿನ ಕೋಟೊ ಡೊನ್ಯಾನಾ ಜೌಗುಭೂಮಿಗೆ ಹೋಗಿ ತೆಗೆದ ಚಿತ್ರಗಳು ಆ ತಾಣವನ್ನು ಹೊರಜಗತ್ತಿಗೆ ಪರಿಚಯಿಸಿದವು. 1969ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಹೋಸ್ಕಿಂಗ್ 1991ರಲ್ಲಿ ತೀರಿಕೊಂಡರು.

ಅವರ ಕಾಲದ ಎಲ್ಲ ರೂಢಿಗಳೂ ಅನುಕರಣೀಯವೆಂದು ನಾನು ಹೇಳಲಾರೆ. ಗೂಡಿಗೆ ಅಷ್ಟು ಸಮೀಪ ಹೋಗುವುದನ್ನು ಇಂದು ಒಪ್ಪಲಾಗದು. ಬ್ರಿಟನ್ನಿನ 1981ರ ಕಾನೂನಿನಂತೆ ಕಣಜ ಗೂಬೆ ಮೊದಲಾದ ವಿಶೇಷ ರಕ್ಷಿತ ಹಕ್ಕಿಗಳಿಗೆ ಗೂಡಿನ ಬಳಿ ತೊಂದರೆಯಾಗುವಂತೆ ಚಿತ್ರ ತೆಗೆಯಲು ಪರವಾನಗಿ ಬೇಕು. ಹಲವು ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ.

ಆದರೆ ಹೋಸ್ಕಿಂಗ್ ಅವರಿಗಿದ್ದ ಅನಿವಾರ್ಯತೆ ನಮಗಿಲ್ಲ. ಇಂದಿನ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುತ್ತದೆ, ದೂರದ ಹಕ್ಕಿಯ ಕಣ್ಣನ್ನು ತಾನೇ ಹುಡುಕಿಕೊಳ್ಳುತ್ತದೆ. ಹಿತ್ತಿಲಿನ ಕಾಳಿನ ತಟ್ಟೆಗೆ ತಾನಾಗಿ ಬಂದು, ಬೇಡವೆನಿಸಿದಾಗ ಹಾರಿಹೋಗುವ ಹಕ್ಕಿಯನ್ನೂ ಅದು ಹಿಡಿಯಬಲ್ಲದು. ಇಷ್ಟೆಲ್ಲ ಇದ್ದೂ ಗೂಡಿನ ಮುಂದೆ ಗುಂಪುಗೂಡುವವರಿಗೆ ತಂತ್ರಜ್ಞಾನದ ಕೊರತೆಯ ನೆಪ ಹೇಳಲು ಬಾರದು. ಮರಿಗಳ ಬಳಿ ಬಂದವನ ಮೇಲೆ ಎರಗಿದ ಗೂಬೆ ತನ್ನ ಧರ್ಮವನ್ನಷ್ಟೇ ಪಾಲಿಸಿತು. ಎಷ್ಟು ದೂರದಲ್ಲಿ ನಿಲ್ಲಬೇಕೆಂದು ನಿರ್ಧರಿಸುವ ಹೊಣೆ ಕ್ಯಾಮೆರಾ ಹಿಡಿದವರದು.