ಮೊಬೈಲ್‌ನಲ್ಲಿ ಹೊಳೆದ ಚಿನ್ನದ ಬಣ್ಣ ಕಾರ್ಡಿನಲ್ಲಿ ಮಂಕಾಗುವುದೇಕೆ? ರವಿವರ್ಮರ ಅಚ್ಚುಕೂಟ ಹೇಳುವ ಕಥೆ

ಹಳೆಯ ಮನೆಗಳ ದೇವರ ಕೋಣೆಯಲ್ಲಿ ಕಾಣುವ ರವಿವರ್ಮರ ಲಕ್ಷ್ಮಿ, ಸರಸ್ವತಿ ಪಟಗಳು ಅವರ ಮೂಲ ಚಿತ್ರದ ಫೋಟೋ ಪ್ರತಿಗಳು ಎಂದು ಹಲವರು ನಂಬಿದ್ದಾರೆ. ಇದು ನಿಜವಲ್ಲ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲು ಮಾಡಿ, ಒಂದರ ಮೇಲೊಂದು ಅಚ್ಚು ಹಾಕಿದ ಪಟಗಳವು. ಇಂದು ನಾವು ಪ್ರೆಸ್‌ಗೆ ಕಳಿಸುವ ಫೈಲ್‌ನಲ್ಲಿ ಬಣ್ಣ ಕೆಡುವುದಕ್ಕೂ ಈ ಕಲ್ಲುಗಳಿಗೂ ಹತ್ತಿರದ ಸಂಬಂಧವಿದೆ. ಹೇಗೆ? ನೋಡೋಣ.

ಅರಮನೆಯಿಂದ ಅಚ್ಚುಕೂಟಕ್ಕೆ

ರಾಜಾ ರವಿವರ್ಮ ಹುಟ್ಟಿದ್ದು 1848ರ ಏಪ್ರಿಲ್ 29ರಂದು, ತಿರುವಾಂಕೂರಿನ ಕಿಳಿಮಾನೂರಿನಲ್ಲಿ. ಆಗ ನಮ್ಮಲ್ಲಿ ತೈಲವರ್ಣ ಬಲ್ಲವರು ಬಹಳ ಕಡಿಮೆ. ರವಿವರ್ಮರು ಅದನ್ನು ಛಲದಿಂದ ಕಲಿತರು. 1873ರಲ್ಲಿ ವಿಯೆನ್ನಾ ಪ್ರದರ್ಶನದಲ್ಲಿ ಅವರ ಚಿತ್ರಕ್ಕೆ ಬಹುಮಾನ ಬಂತು. 1893ರಲ್ಲಿ ಷಿಕಾಗೋದಲ್ಲಿ ಪದಕಗಳು ಸಂದವು. ಬರೋಡದ ಮಹಾರಾಜರು ಅವರಿಂದ ಪುರಾಣದ ಚಿತ್ರಗಳನ್ನು ಬರೆಸಿಕೊಂಡರು.

ಆದರೆ ಅರಮನೆಯ ಗೋಡೆಯ ಚಿತ್ರ ಎಷ್ಟು ಜನರಿಗೆ ಕಂಡೀತು? ಚಿತ್ರಗಳನ್ನು ಅಚ್ಚು ಮಾಡಿ ಹಂಚಬೇಕೆಂಬ ಸಲಹೆಯನ್ನು ದಿವಾನರಾಗಿದ್ದ ಟಿ. ಮಾಧವರಾವ್ ಮೊದಲೇ ಕೊಟ್ಟಿದ್ದರು. 1894ರಲ್ಲಿ ರವಿವರ್ಮರು ತಮ್ಮ ರಾಜರಾಜವರ್ಮರ ಜೊತೆಗೂಡಿ ಮುಂಬೈಯಲ್ಲಿ ಅಚ್ಚುಕೂಟ ತೆರೆದರು. ಯಂತ್ರಗಳೂ ತಂತ್ರಜ್ಞರೂ ಜರ್ಮನಿಯಿಂದ ಬಂದರು. ದೇವಸ್ಥಾನದೊಳಗೆ ಪ್ರವೇಶವೇ ಇಲ್ಲದಿದ್ದವರ ಮನೆಗೂ ದೇವರ ಪಟ ಬರುವಂತಾಯಿತು.

ಒಂದು ಬಣ್ಣಕ್ಕೆ ಒಂದು ಕಲ್ಲು

ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ. ಕಲ್ಲಚ್ಚಿನ ಗುಟ್ಟು ಇಷ್ಟೇ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬಿಡಿಸಿ, ಕಲ್ಲನ್ನು ಒದ್ದೆ ಮಾಡಿ ಶಾಯಿ ಸವರಿದರೆ, ಜಿಡ್ಡಿರುವ ಕಡೆ ಮಾತ್ರ ಶಾಯಿ ಹಿಡಿಯುತ್ತದೆ. ಸೀರೆಯ ಕೆಂಪಿಗೆ ಒಂದು ಕಲ್ಲು, ಮೈಬಣ್ಣಕ್ಕೆ ಇನ್ನೊಂದು, ನೆರಳಿಗೆ ಮತ್ತೊಂದು. ಒಂದು ಕಲ್ಲು ಕೂದಲೆಳೆಯಷ್ಟು ಜರುಗಿದರೂ ದೇವಿಯ ತುಟಿಯ ಬಣ್ಣ ಕೆನ್ನೆಗೆ ಬೀಳುತ್ತದೆ.

ಬಣ್ಣಗಳನ್ನು ಬೇರ್ಪಡಿಸುತ್ತಿದ್ದವರು ಅಚ್ಚುಕೂಟದ ಕುಶಲಕರ್ಮಿಗಳು. ಮೂಲ ಚಿತ್ರದ ಸಾವಿರ ಛಾಯೆಗಳನ್ನು ಕೆಲವೇ ಕಲ್ಲುಗಳಿಗೆ ಇಳಿಸಬೇಕಿತ್ತು. ಎಷ್ಟು ಕಲ್ಲು, ಯಾವ ಶಾಯಿ ಎಂದು ಮೊದಲೇ ತೀರ್ಮಾನವಾಗಬೇಕಿತ್ತು. ಕಲ್ಲು ಹೆಚ್ಚಿದಷ್ಟೂ ಖರ್ಚು ಹೆಚ್ಚು.

ಪಟಗಳು ಜನಪ್ರಿಯವಾದವು, ಅಚ್ಚುಕೂಟ ಮಾತ್ರ ನಷ್ಟಕ್ಕೆ ಬಿತ್ತು. ಮುಂಬೈಯಲ್ಲಿ ಪ್ಲೇಗ್ ಹರಡಿದ ಕಾಲವದು. ಅಚ್ಚುಕೂಟವನ್ನು ಲೋಣಾವಳದ ಹತ್ತಿರದ ಮಳವಲಿಗೆ ಸಾಗಿಸಿದರೂ ಸಾಲ ತೀರಲಿಲ್ಲ. ಕೊನೆಗೆ ಅಲ್ಲಿಯೇ ತಂತ್ರಜ್ಞರಾಗಿದ್ದ ಜರ್ಮನಿಯ ಫ್ರಿಟ್ಜ್ ಶ್ಲೈಶರ್ ಅವರಿಗೆ ಮಾರಬೇಕಾಯಿತು. 1905ರಲ್ಲಿ ತಮ್ಮ ತೀರಿಕೊಂಡರು. ಮೈಸೂರು ಅರಮನೆಗಾಗಿ ಚಿತ್ರಗಳನ್ನು ಬರೆದದ್ದು ಈ ಕೊನೆಯ ವರ್ಷಗಳಲ್ಲೇ. 1906ರ ಅಕ್ಟೋಬರ್ 2ರಂದು ಕಿಳಿಮಾನೂರಿನಲ್ಲಿ ರವಿವರ್ಮರು ಕಣ್ಣುಮುಚ್ಚಿದರು.

ನಿಮ್ಮ ಫೈಲ್‌ನಲ್ಲೂ ಅದೇ ಕಥೆ

ಇಂದಿನ ಫೋರ್ ಕಲರ್ ಪ್ರಿಂಟಿಂಗ್‌ನಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕೇ ಶಾಯಿ. ಅವುಗಳ ಸಣ್ಣ ಚುಕ್ಕಿಗಳು ಸೇರಿ ಉಳಿದ ಬಣ್ಣಗಳ ಭ್ರಮೆ ಹುಟ್ಟಿಸುತ್ತವೆ. ಸ್ಪಾಟ್ ಕಲರ್ ಹಾಗಲ್ಲ. ಮೊದಲೇ ಕಲಸಿಟ್ಟ ಶಾಯಿಗೆ ತನ್ನದೇ ಪ್ಲೇಟ್ ಇರುತ್ತದೆ, ರವಿವರ್ಮರ ಕಲ್ಲಿನಂತೆ. ಫೈಲ್‌ನಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಇವು:

• ಚಿನ್ನದ ಬಣ್ಣ ಮಂಕಾಗುವುದು: ಚಿನ್ನದ ಶಾಯಿಯಲ್ಲಿ ಲೋಹದ ಪುಡಿ ಇರುತ್ತದೆ. ನಾಲ್ಕು ಶಾಯಿ ಬೆರೆಸಿದರೆ ಸಿಗುವುದು ಸಾಸಿವೆ ಬಣ್ಣ. ಮೊಬೈಲ್‌ನಲ್ಲಿ ಕಂಡದ್ದು ಪರದೆಯ ಬೆಳಕು, ಲೋಹದ ಹೊಳಪಲ್ಲ.

• ಒಂದೇ ಬಣ್ಣಕ್ಕೆ ಎರಡು ಹೆಸರು: ಲೋಗೋದಲ್ಲಿ ಒಂದು ಹೆಸರು, ಅಕ್ಷರಗಳಲ್ಲಿ ಇನ್ನೊಂದು ಇದ್ದರೆ ಕಂಪ್ಯೂಟರ್ ಎರಡು ಪ್ಲೇಟ್ ಮಾಡುತ್ತದೆ. ಎರಡನ್ನೂ ಒಂದೇ ಹೆಸರಿಗೆ ತರಬೇಕು.

• ಬೇಡದ ಸ್ಪಾಟ್ ಕಲರ್: ಫೋರ್ ಕಲರ್ ಕೆಲಸದಲ್ಲಿ ಐದನೇ ಪ್ಲೇಟ್ ಕಂಡರೆ ಆ ಬಣ್ಣವನ್ನು ಪ್ರೊಸೆಸ್ ಕಲರ್‌ಗೆ ಬದಲಿಸಬೇಕು.

• ಅಂಚಿನಲ್ಲಿ ಬಿಳಿ ಗೆರೆ: ಪ್ಲೇಟ್ ಜರುಗಿದಾಗ ಎರಡು ಬಣ್ಣಗಳ ನಡುವೆ ಕಾಗದ ಇಣುಕುತ್ತದೆ. ಬಣ್ಣಗಳ ಅಂಚನ್ನು ತುಸು ಒಂದರ ಮೇಲೊಂದು ಚಾಚಿಸಬೇಕು. ಇದಕ್ಕೆ ಟ್ರ್ಯಾಪಿಂಗ್ ಎನ್ನುತ್ತಾರೆ.

ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದ ಡಿಸೈನ್‌ನಲ್ಲಿ ಸ್ಪಾಟ್ ಕಲರ್ ಮಾಹಿತಿ ಉಳಿಯುವುದೇ ಇಲ್ಲ. ಆದ್ದರಿಂದ ಪಿಡಿಎಫ್ ಅನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ಎಷ್ಟು ಬಣ್ಣ, ಯಾವ ಶಾಯಿ ಎಂದು ಬರೆದು ತಿಳಿಸಿ. ಪ್ಲೇಟ್ ಮಾಡುವ ಮೊದಲು ಸೆಪರೇಷನ್ ಪ್ರಿವ್ಯೂ ತೋರಿಸಲು ಕೇಳಿ, ಪ್ಲೇಟ್‌ಗಳನ್ನು ಎಣಿಸಿ. ಚಿನ್ನದ ಬಣ್ಣವನ್ನು ಪರದೆಯಲ್ಲಿ ನೋಡಿ ಒಪ್ಪಬೇಡಿ, ಶಾಯಿಯ ಮಾದರಿ ಕಾರ್ಡ್ ನೋಡಿ ಒಪ್ಪಿ.

ಒಟ್ಟಿನಲ್ಲಿ: ಚಿನ್ನದ ಬಣ್ಣ ಮಂಕಾದರೆ ಶಾಯಿ ಕಳಪೆ, ಪ್ರೆಸ್‌ನವರು ಮೋಸ ಮಾಡಿದರು ಎಂದು ಮೊದಲೇ ದೂರಬೇಡಿ. ಫೈಲ್ ತೆರೆದು ನೋಡಿ. ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನೆಯಲ್ಲಿ ರವಿವರ್ಮರ ಮೂಲ ಚಿತ್ರಗಳ ಮುಂದೆ ನಿಂತು, ಮನೆಯ ಪಟವನ್ನು ನೆನಪಿಸಿಕೊಳ್ಳಿ. ಬರೆದ ಬಣ್ಣವೇ ಬೇರೆ, ಅಚ್ಚಾದ ಬಣ್ಣವೇ ಬೇರೆ ಎಂಬುದು ಅಲ್ಲಿ ಕಣ್ಣಾರೆ ಕಾಣುತ್ತದೆ.